ಆಪರೇಷನ್ ಆದ ಮೇಲೂ ಏಕೆ ಹೆದರುತ್ತೀರಿ?

ಮಗಳ ಹೃದಯದ ಶಸ್ತ್ರಚಿಕಿತ್ಸೆಯಾಗಿ ಎಂಟು ವರ್ಷಗಳಾದವು. ಈಗ ಅವಳು ಶಿಡ್ಲಘಟ್ಟದಲ್ಲಿ ನಾಲ್ಕನೇ ತರಗತಿ ಓದುತ್ತಾಳೆ, ಕುಂಟೆಬಿಲ್ಲೆಯಲ್ಲಿ ಓರಗೆಯವರನ್ನೆಲ್ಲ ಸೋಲಿಸುತ್ತಾಳೆ. ಅದನ್ನು ಕಂಡವರು, "ಎಲ್ಲಾ ಸರಿಹೋಯ್ತಲ್ಲಮ್ಮ, ಇನ್ನೂ ಯಾಕೆ ಹಿಂಗೆ ಹೆದ್ರಿಕೊಂಡಿರ್ತೀಯ?" ಎಂದು ಕೇಳುತ್ತಾರೆ. ಮದುವೆಮನೆಯಲ್ಲಿ, ಬಸ್ಸಿನಲ್ಲಿ ನಿಂತು ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳಿಗಿದ್ದದ್ದು ಟೆಟ್ರಾಲಜಿ ಆಫ್ ಫ್ಯಾಲೋ. ಹೃದಯದ ಕೆಳಕೋಣೆಗಳ ನಡುವೆ ರಂಧ್ರ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು, ಜೊತೆಗೆ ಇನ್ನೆರಡು ದೋಷ. ಏಳನೆಯ ತಿಂಗಳಲ್ಲಿ ಒಂದು ಬೆಳಗ್ಗೆ ನೀರು ಹಾಕಿ ಮೈ ಒರೆಸುತ್ತಿದ್ದಾಗ ಅಳು ಜೋರಾಗಿ, ತುಟಿ, ಉಗುರು ಹಿಪ್ಪುನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ನೋಡನೋಡುತ್ತಿದ್ದಂತೆ ಅಳುವೇ ನಿಂತುಹೋಯಿತು. ವೈದ್ಯರು ಮೊದಲೇ ಹೇಳಿಕೊಟ್ಟಿದ್ದಂತೆ ಅವಳ ಮೊಣಕಾಲುಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿದು, ಬಣ್ಣ ಮರಳುವವರೆಗೂ ಬಚ್ಚಲಿನ ಕಲ್ಲಿನ ಮೇಲೆ ಕೂತಿದ್ದೆ. ಅಂದಿನಿಂದ ನಾನು ಮಗಳ ಮುಖಕ್ಕಿಂತ ಮೊದಲು ತುಟಿಯನ್ನು, ಕೈಗಿಂತ ಮೊದಲು ಉಗುರನ್ನು ನೋಡುತ್ತೇನೆ.

ವಿಚಿತ್ರವೆಂದರೆ, ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ನನಗೆ ಅಷ್ಟು ಹೆದರಿಕೆ ಇರಲಿಲ್ಲ. ರಕ್ತ ಹೊಂದಿಸುವುದು, ಸಹಿ ಹಾಕುವುದು, ಐಸಿಯು ಬಾಗಿಲಲ್ಲಿ ಕರೆಗೆ ಕಾಯುವುದು, ಹೀಗೆ ಹೆದರುವುದಕ್ಕೂ ಪುರುಸೊತ್ತಿರಲಿಲ್ಲ. ಯಜಮಾನರು ಊರಿನಲ್ಲಿದ್ದರು, ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದ್ದವು, ಎಂದರೆ ನಾಲ್ಕನೇ ಸಲ ಪೊರೆ ಬಿಟ್ಟಿದ್ದವು, ಆ ವಾರ ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಬೆಳೆಯೇ ಕೈಬಿಟ್ಟುಹೋಗುತ್ತದೆ, ಮತ್ತು ಆಸ್ಪತ್ರೆಯ ಸಾಲ ತೀರಬೇಕಾದದ್ದು ಆ ಬೆಳೆಯಿಂದಲೇ. ಅಲ್ಲಿ ಇರಲಾಗಲಿಲ್ಲವೆಂಬ ಕೊರಗನ್ನು ಅವರು ಇಂದಿಗೂ ಬಾಯಿಬಿಟ್ಟು ಹೇಳಿಲ್ಲ. ಮಗಳ ಹೃದಯದ ಸ್ಕ್ಯಾನ್, ಅಂದರೆ ಎಕೋ ಪರೀಕ್ಷೆಯ ದಿನ ಮಾತ್ರ ಅವರಿಗೆ ಊಟ ಸೇರುವುದಿಲ್ಲ. ನನ್ನ ಹೆದರಿಕೆ ಶುರುವಾದದ್ದು ಮಗುವನ್ನು ಮನೆಗೆ ಕರೆತಂದ ಮೇಲೆ, ಎಲ್ಲರೂ ನಿಟ್ಟುಸಿರು ಬಿಟ್ಟು ತಂತಮ್ಮ ಮನೆಗಳಿಗೆ ಹೋದ ಮೇಲೆ. ರಾತ್ರಿ ಎದ್ದು ಅವಳ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದೆ. ಈಗಲೂ ಕೆಲವೊಮ್ಮೆ ಎಣಿಸುತ್ತೇನೆ.

ಇದು ಬರೀ ಮನಸ್ಸಿನ ಭ್ರಮೆಯೂ ಅಲ್ಲ. ಶಸ್ತ್ರಚಿಕಿತ್ಸೆಯಲ್ಲಿ ರಂಧ್ರ ಮುಚ್ಚಿ ದಾರಿ ಅಗಲ ಮಾಡುತ್ತಾರೆ. ಆದರೆ ಹಾಗೆ ಅಗಲ ಮಾಡಿದ ಕಡೆ ಕವಾಟ ಸೋರುವುದು ಸಾಮಾನ್ಯ, ಎಷ್ಟೋ ಮಕ್ಕಳಿಗೆ ಮುಂದೆ ಹೊಸ ಕವಾಟವೇ ಬೇಕಾಗುತ್ತದೆ. ಅವಳು ಜೀವನವಿಡೀ ತಪಾಸಣೆಗೆ ಹೋಗುತ್ತಿರಬೇಕು. ಹಲ್ಲು ಕೀಳಿಸುವ ಮುನ್ನವೂ ಹೃದಯದ ವೈದ್ಯರನ್ನು ಒಂದು ಮಾತು ಕೇಳಬೇಕು.

ಇನ್ನು ಗ್ರಹಣದ ವಿಚಾರ. ಬಸುರಿಯಾಗಿದ್ದಾಗ ನಾನು ಗ್ರಹಣದಲ್ಲಿ ಹೊರಗೆ ಬಂದಿದ್ದೆನೆಂದು ಹೇಳಿದವರು ನಮ್ಮ ಬಂಧುಗಳೇ. ಮಗುವಿನ ಹೃದಯ ರೂಪುಗೊಳ್ಳುವುದು ಗರ್ಭದ ಮೂರನೆಯ ವಾರದಿಂದ ಎಂಟನೆಯ ವಾರದೊಳಗೆ, ಎಷ್ಟೋ ತಾಯಂದಿರಿಗೆ ಬಸಿರೆಂಬುದೇ ಖಚಿತವಾಗುವ ಮೊದಲು ಎಂದು ವೈದ್ಯರು ವಿವರಿಸಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಸಮಾಧಾನದ ಮಾತು ಹೇಳಲು ಬರುವವರು ದಯವಿಟ್ಟು ಗ್ರಹಣವನ್ನು ಹೊರಗೇ ಬಿಟ್ಟು ಬನ್ನಿ.

ಇಂತಹ ಮಕ್ಕಳ ತಂದೆತಾಯಂದಿರ ಕುರಿತ ಅಧ್ಯಯನಗಳನ್ನು ಒಟ್ಟಿಗೆ ನೋಡಿದ, 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಶೇ. 30ರವರೆಗಿನ ಪೋಷಕರಲ್ಲಿ ಆಘಾತದ ನಂತರದ ಮನೋಬಾಧೆಯ ಲಕ್ಷಣಗಳಿರುತ್ತವೆ. ಅದನ್ನು ಓದಿದಾಗ ನನಗೆ ಬೇಸರಕ್ಕಿಂತ ಹೆಚ್ಚಾಗಿ ಹಗುರವೆನಿಸಿತು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಹೇಳಿಕೊಳ್ಳಲು ಯಾರೂ ಇಲ್ಲದ ಮಧ್ಯರಾತ್ರಿಗೆ ಅದು ಒಳ್ಳೆಯದು.

ಮಗಳಿಗೆ ನಾನು ಎಂದೂ ನೈಲ್ ಪಾಲಿಶ್ ಹಚ್ಚಲು ಬಿಟ್ಟಿರಲಿಲ್ಲ, ಕಾರಣ ಹೇಳಿರಲಿಲ್ಲ. ಕಳೆದ ಗೌರಿ ಹಬ್ಬದ ದಿನ ಪಕ್ಕದ ಮನೆಯಿಂದ ಒಂಬತ್ತು ಉಗುರಿಗೆ ಕೆಂಪು ಬಣ್ಣ ಹಚ್ಚಿಸಿಕೊಂಡು ಬಂದು ಎಡಗೈಯ ಕಿರುಬೆರಳನ್ನು ನನ್ನೆದುರು ಚಾಚಿದಳು. "ಇದೊಂದು ನಿಂಗೇಂತ ಬಿಟ್ಟಿದ್ದೀನಮ್ಮ, ನೋಡ್ಕೋ," ಎಂದಳು. ನಗಬೇಕಿತ್ತು. ನಾನು ಮೊದಲು ಆ ಉಗುರನ್ನೇ ನೋಡಿದೆ.