ಆರ್ಗಾನ್ ವೆಲ್ಡಿಂಗೂ ನನ್ನ ದಡ್ಡ ಎಡಗೈಯೂ

ಪೈಪ್ ವೆಲ್ಡಿಂಗ್ ಕಲಿಯೋಕೆ ಅಂತ ಪೀಣ್ಯಕ್ಕೆ ಬಂದಾಗ ನನಗೆ ಆಗ್ಲೇ ಆರು ವರ್ಷ ಆರ್ಕ್ ವೆಲ್ಡಿಂಗ್ ಮಾಡಿದ ಅನುಭವ ಇತ್ತು. ಗೇಟು, ಗ್ರಿಲ್ಲು, ಶೆಡ್ಡಿನ ಟ್ರಸ್ಸು, ಟ್ರ್ಯಾಕ್ಟರ್ ಟ್ರೇಲರು, ಊರಲ್ಲಿ ಏನ್ ತಂದಿಟ್ರೂ ಅಂಟಿಸಿ ಕಳಿಸ್ತಿದ್ದೆ, ಹಾಗಾಗಿ ಆರ್ಗಾನ್ ಏನ್ ಮಹಾ ಒಂದು ವಾರದ ಕೆಲ್ಸ ಅಂದ್ಕೊಂಡಿದ್ದೆ. (ಪುಸ್ತಕದಲ್ಲಿ ಟಿಗ್ ಅಂತಾರೆ, ಶಾಪಲ್ಲಿ ಯಾರೂ ಹಾಗನ್ನಲ್ಲ, ಆರ್ಗಾನ್ ಅಂತಾನೇ ಅನ್ನೋದು.) ಮೊದಲನೇ ದಿನ ಎರಡು ಪೈಪ್ ತುಂಡು ಕೊಟ್ಟು ರೂಟ್ (ತಳದ ಮೊದಲನೇ ಸುತ್ತಿನ ಬೆಸುಗೆ) ಹಾಕು ಅಂದ್ರು, ಹಾಕ್ದೆ, ಮೇಲಿಂದ ನೋಡಿದ್ರೆ ಪರ್ವಾಗಿಲ್ಲ ಅನ್ಸ್ತು, ನಮ್ ಮೇಸ್ತ್ರಿ ಪೈಪನ್ನ ಎತ್ತಿ ಬೆಳಕಿಗೆ ಹಿಡಿದು ಒಳಗಡೆ ಒಂದ್ಸಲ ಇಣುಕಿ ಏನೂ ಮಾತಾಡ್ದೆ ಸ್ಕ್ರಾಪ್ ಡಬ್ಬಕ್ಕೆ ಎಸೆದ್ಬಿಟ್ರು.

ಪೈಪಲ್ಲಿ ಇದೇ ನೋಡಿ ಕಷ್ಟ. ನಾವು ಬೆಸೆಯೋದು ಹೊರಗಡೆಯಿಂದ, ಅವ್ರು ನೋಡೋದು ಒಳಗಡೆ.

ನಮ್ ಮೇಸ್ತ್ರಿ ಭದ್ರಾವತಿ ಕಡೆಯೋರು, ಹನ್ನೆರಡು ವರ್ಷ ಗಲ್ಫಲ್ಲಿ ರಿಫೈನರಿ ಸೈಟುಗಳಲ್ಲಿ ಕೆಲ್ಸ ಮಾಡಿ ಬಂದೋರು. ಅವ್ರು ಈ ಆರ್ಗಾನ್ ವೆಲ್ಡಿಂಗನ್ನ ಒಂದೊಂದ್ಸಲ ಹೀಲಿಯಾರ್ಕ್ ಅನ್ನೋರು, ನಾನು ಯಾವ್ದೋ ಮಷೀನ್ ಕಂಪನಿ ಹೆಸ್ರು ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು, 1941ರ ಹೊತ್ತಲ್ಲಿ ಅಮೆರಿಕದ ನಾರ್ತ್ರಾಪ್ ವಿಮಾನ ಕಂಪನಿಲಿ ರಸೆಲ್ ಮೆರೆಡಿತ್ ಅನ್ನೋರು ಮೆಗ್ನೀಶಿಯಂ ಬೆಸೆಯೋಕೆ ಅಂತ ಟಂಗ್‌ಸ್ಟನ್ ಕಡ್ಡಿ ಸುತ್ತ ಗಾಳಿ ತಾಗದಂಗೆ ಹೀಲಿಯಂ ಗ್ಯಾಸ್ ಬಿಟ್ಟು ಮಾಡಿದ್ದು, ಅದಕ್ಕೇ ಆ ಹೆಸ್ರಂತೆ. ಈಗ ನಮ್ಮಲ್ಲಿ ಹೀಲಿಯಂ ಯಾರು ಕೊಡ್ತಾರೆ, ಆರ್ಗಾನೇ.

ಸರಿ, ವಿಷಯಕ್ಕೆ ಬರ್ತೀನಿ. ಆರ್ಕ್ ವೆಲ್ಡಿಂಗಲ್ಲಿ ರಾಡೇ ಕರಗಿ ಇಳಿಯುತ್ತೆ, ಒಂದೇ ಕೈ ಕೆಲ್ಸ, ಇನ್ನೊಂದು ಕೈಲಿ ಶೀಲ್ಡ್ ಹಿಡ್ಕೊಂಡ್ರೆ ಆಯ್ತು. ಆರ್ಗಾನಲ್ಲಿ ಟಂಗ್‌ಸ್ಟನ್ ಕರಗಲ್ಲ (ಅದು ಕರಗೋಕೆ 3,400 ಡಿಗ್ರಿ ದಾಟ್ಬೇಕು), ಬರೀ ಬೆಂಕಿ ಕೊಡುತ್ತೆ, ಲೋಹ ತುಂಬೋದು ಎಡಗೈ. ಎಲ್ರೂ ಟಾರ್ಚ್ (ಬಲಗೈಲಿ ಹಿಡಿಯೋ, ಟಂಗ್‌ಸ್ಟನ್ ಇರೋ ಹಿಡಿ) ಹಿಡಿಯೋದು ಹೇಗೆ, ಟಾರ್ಚ್ ಆಡ್ಸೋದು ಹೇಗೆ ಅಂತಾನೇ ಹೇಳ್ತಾರೆ, ವಿಡಿಯೋ ತುಂಬಾ ಅದೇ. ನನ್ನ ಬಲಗೈ ಎರಡು ವಾರದಲ್ಲಿ ಒಂದು ಹದಕ್ಕೆ ಬಂತು. ಎಡಗೈಗೆ ಎಂಟು ತಿಂಗಳು ಹಿಡೀತು.

ಫಿಲ್ಲರ್ ವೈರು ಒಂದು ಮೀಟರ್ ಉದ್ದ ಬರುತ್ತೆ, ದಪ್ಪ 2.4 ಮಿಲಿಮೀಟರ್. ಅದನ್ನ ಬೆರಳ ಮೇಲಿಟ್ಟು ಹೆಬ್ಬೆರಳಿಂದ ಮುಂದಕ್ಕೆ ತಳ್ಬೇಕು, ತಳ್ಳಿದ ಮೇಲೆ ಹೆಬ್ಬೆರಳು ಹಿಂದೆ ಬಂದು ಮತ್ತೆ ಹಿಡ್ಕೋಬೇಕು, ಅಷ್ಟರಲ್ಲಿ ವೈರಿನ ತುದಿ ಅಲ್ಲಾಡ್ಬಾರ್ದು, ತುದಿ ಗ್ಯಾಸಿಂದ ಆಚೆಗೂ ಬರ್ಬಾರ್ದು. ಆಚೆ ಬಂದ್ರೆ ಕೆಂಪಗಿರೋ ತುದಿಗೆ ಗಾಳಿ ತಾಗಿ ಕಪ್ಪಾಗುತ್ತೆ, ಆ ಕಪ್ಪನ್ನೇ ತಗೊಂಡೋಗಿ ಪಡ್ಲ್ (ಕರಗಿದ ಲೋಹದ ಪುಟ್ಟ ಮಡು) ಒಳಗೆ ಹಾಕ್ದಂಗೆ ಆಗುತ್ತೆ. ನಾನು ಹೆದರ್ಕೊಂಡು ಗಟ್ಟಿಯಾಗಿ ಹಿಡ್ಕೊತಿದ್ದೆ, ವೈರ್ ಸರಿಯೋಕೇ ಆಗ್ತಿರ್ಲಿಲ್ಲ, ಇಡೀ ಕೈಯನ್ನೇ ಮುಂದೆ ಒಯ್ತಿದ್ದೆ, ಕೈ ಹೋಗಿ ಪೈಪಿಗೆ ತಾಗಿ ಗ್ಲೌಸ್ ಸುಟ್ಟು, ಬೆಚ್ಚಿಬಿದ್ದು ಟಂಗ್‌ಸ್ಟನ್ನನ್ನ ಪಡ್ಲಿಗೆ ಅದ್ದಿ, ಆರ್ಕ್ ಹಸಿರಾಗಿ ಕೆಮ್ಮಿ, ನಿಲ್ಸು, ಹೋಗು, ಟಂಗ್‌ಸ್ಟನ್ ಉಜ್ಜು. ದಿನಕ್ಕೆ ಮೂವತ್ತು ಸಲ ಉಜ್ಜಿರ್ಬೇಕು. (ಉಜ್ಜೋವಾಗ ಗೀರು ಉದ್ದುದ್ದಕ್ಕೆ ಬರ್ಬೇಕು, ಅಡ್ಡ ಉಜ್ಜಿದ್ರೆ ಆರ್ಕ್ ಅಲೆದಾಡುತ್ತೆ. ಕೆಂಪು ತುದಿದು ಥೋರಿಯಂ ಇರೋದು, ಅದರ ಧೂಳು ಒಳ್ಳೇದಲ್ಲ, ನಾನು ಈಗ ಚಿನ್ನದ ಬಣ್ಣದ್ದು, ಲ್ಯಾಂಥನಂದು ತಗೋತೀನಿ.)

ಮೇಸ್ತ್ರಿ ಒಂದು ದಿನ ಅರ್ಧ ಮೀಟರ್ ವೈರ್ ಕತ್ತರಿಸಿ ಎರಡೂ ತುದಿ ಬಗ್ಗಿಸಿ ಕೈಗೆ ಕೊಟ್ಟು, "ಲೇ ತಮ್ಮಾ, ಇದನ್ನ ಮನೆಗೆ ತಗೊಂಡೋಗು, ಮಲ್ಗೋವರ್ಗೂ ಬೆರಳಲ್ಲೇ ಇರ್ಲಿ" ಅಂದ್ರು. ನಿಜ ಹೇಳ್ತೀನಿ, ಜಾಲಹಳ್ಳಿ ಕ್ರಾಸಿಂದ ಬಸ್ಸಲ್ಲಿ ಕೂತ್ಕೊಂಡು ವೈರ್ ತಳ್ಳೋದು, ತುದಿ ಬಂದ್ರೆ ತಿರುಗಿಸ್ಕೊಂಡು ಮತ್ತೆ ತಳ್ಳೋದು, ಪಕ್ಕದೋರು ಒಂಥರಾ ನೋಡಿ ಸೀಟ್ ಬದಲಾಯಿಸ್ಕೊಂಡಿದ್ದೂ ಇದೆ. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಜಗಲಿ ಮೇಲೆ ಕೂತು ಕಾಕಡ ಕಟ್ತಾ ಇದ್ಲು, ಪಕ್ಕದ್ಮನೆಯೋರ ಜೊತೆ ಜಗಳದ ಕತೆ ಹೇಳ್ತಾ ಇದ್ಲು, ಕಣ್ಣು ಬೀದಿ ಮೇಲೆ, ಬೆರಳು ಪಾಡಿಗೆ ತಾವು ಹೂವಿಟ್ಟು ದಾರ ಸುತ್ತಿ ಎಳೀತಾನೇ ಇವೆ. ಅವತ್ತು ನನಗೆ ಅರ್ಥ ಆಯ್ತು ಮೇಸ್ತ್ರಿ ಏನ್ ಕೇಳ್ತಿದ್ದಾರೆ ಅಂತ. ಎಡಗೈನ ನಾನು ನೋಡ್ತಾ ಇರೋವರ್ಗೂ ಪಡ್ಲನ್ನ ಯಾರು ನೋಡ್ಬೇಕು?

ಟಾರ್ಚ್ ಆಡ್ಸೋದಕ್ಕಿಂತ ಮೊದ್ಲು ಫಿಟ್ಟಪ್ ಬಗ್ಗೆ, ಅಂದ್ರೆ ಪೈಪುಗಳನ್ನ ಜೋಡಿಸಿಕೊಳ್ಳೋದ್ರ ಬಗ್ಗೆ ಒಂದೆರಡು ಮಾತು, ಯಾಕಂದ್ರೆ ಇದರಲ್ಲಿ ಸೋಮಾರಿತನ ಮಾಡಿ ಆಮೇಲೆ ಕೈನ ಬೈಕೊಂಡ್ರೆ ಪ್ರಯೋಜನ ಇಲ್ಲ. ಪೈಪ್ ತುದಿಗೆ ಬೆವೆಲ್ (ಓರೆ ಕತ್ತರಿಸೋದು) 37.5 ಡಿಗ್ರಿ, ತುದಿಲಿ ಒಂದರಿಂದ ಒಂದೂವರೆ ಮಿಲಿಮೀಟರ್ ಚೂಪಿಲ್ಲದಂಗೆ ಲ್ಯಾಂಡ್, ಎರಡು ಪೈಪಿನ ಮಧ್ಯೆ ಗ್ಯಾಪು 2.5ರಿಂದ 3. ಗ್ಯಾಪಿಗೆ ನಾವು ಗೇಜ್ ಹುಡ್ಕಲ್ಲ, ಅದೇ 2.4 ವೈರನ್ನ ಬಗ್ಗಿಸಿ ಮಧ್ಯೆ ಇಟ್ಟು ಟ್ಯಾಕ್ (ಪೈಪು ಕದಲದಂಗೆ ಪುಟ್ಟ ಬೆಸುಗೆ) ಹಾಕಿ ಎಳ್ಕೊಳ್ಳೋದು. ಟ್ಯಾಕ್ ಹಾಕಿದ ತಕ್ಷಣ ಎದುರುಗಡೆ ಗ್ಯಾಪ್ ಬದಲಾಗುತ್ತೆ, ಹಾಗಾಗಿ ಎರಡನೇದು ನೇರ ಎದುರಿಗೆ. ಟ್ಯಾಕಿನ ಎರಡೂ ತುದಿನ ಗ್ರೈಂಡರಲ್ಲಿ ಇಳಿಜಾರು ಮಾಡ್ಬೇಕು, ಇಲ್ಲಾಂದ್ರೆ ರೂಟ್ ಅಲ್ಲಿಗೆ ಬಂದು ಗೋಡೆ ಹತ್ತಿದಂಗೆ ಹತ್ತುತ್ತೆ, ಕೆಳಗಡೆ ಬೆಸುಗೆನೇ ಆಗಿರಲ್ಲ. ಒಳಗೂ ಹೊರಗೂ ಒಂದಿಂಚು ತುಕ್ಕು, ಬಣ್ಣ, ಎಣ್ಣೆ ಏನೂ ಇರ್ಬಾರ್ದು. ಆರ್ಕ್ ರಾಡಿನ ಮೇಲಿನ ಲೇಪ, ಫ್ಲಕ್ಸು, ಕೊಳೆನ ಸ್ವಲ್ಪ ಕ್ಷಮಿಸುತ್ತೆ, ಆರ್ಗಾನಲ್ಲಿ ಫ್ಲಕ್ಸೇ ಇಲ್ವಲ್ಲ, ಕ್ಷಮೆ ಎಲ್ಲಿಂದ ಬರ್ಬೇಕು.

ಈಗ ಟಾರ್ಚು. ಎರಡು ಥರ ಇದೆ, ಕೈನ ಗಾಳಿಲೇ ಹಿಡಿದು ವೈರನ್ನ ಚುಕ್ಕಿ ಚುಕ್ಕಿ ಹಾಕ್ಕೊಂಡು ಹೋಗೋದು ಒಂದು, ಟಾರ್ಚಿನ ಬಾಯಲ್ಲಿರೋ ಸಿರಾಮಿಕ್ ಕಪ್ಪನ್ನ ಬೆವೆಲ್ ಮೇಲೇ ಊರಿ ಎಡಕ್ಕೊಂದ್ಸಲ ಬಲಕ್ಕೊಂದ್ಸಲ ವಾಲಿಸ್ಕೊಂಡು ನಡ್ಸೋದು ಇನ್ನೊಂದು, ಇದಕ್ಕೆ ಕಪ್ ವಾಕಿಂಗ್ ಅಂತಾರೆ. ತುಂಬಿದ ಗ್ಯಾಸ್ ಸಿಲಿಂಡರನ್ನ ಎತ್ತೋಕಾಗ್ದೆ ತಳದ ಅಂಚಿನ ಮೇಲೆ ವಾಲಿಸಿ ಆ ಕಡೆ ಈ ಕಡೆ ತಿರುಗಿಸ್ಕೊಂಡು ಅಡುಗೆಮನೆಗೆ ತರ್ತೀವಲ್ಲ, ಥೇಟ್ ಅದೇ. ಎತ್ತೋಕೆ ಹೋದ್ರೆ ಬೀಳ್ತೀರಾ, ವಾಲ್ಸಿದ್ರೆ ಅದೇ ನಡ್ಕೊಂಡು ಬರುತ್ತೆ. ಕಪ್ಪಿನ ನಂಬರ್ ಅಂದ್ರೆ ಬಾಯಿ ಅಗಲ ಇಂಚಿನ ಹದಿನಾರನೇ ಒಂದು ಭಾಗದ ಲೆಕ್ಕದಲ್ಲಿ, 8ನೇ ನಂಬರ್ ಅಂದ್ರೆ ಅರ್ಧ ಇಂಚು. ಮಣಿಕಟ್ಟಿಂದ ಬರ್ಬೇಕು ಆಟ, ಭುಜದಿಂದಲ್ಲ. ಆರ್ಕ್ ಹಚ್ದೇನೇ ತಣ್ಣಗಿರೋ ಪೈಪ್ ಮೇಲೆ ಒಂದು ವಾರ ಬರೀ ನಡ್ಸಿದೀನಿ ನಾನು, ಕಪ್ ಸವೆದು ಗೀರು ಬೀಳೋವರ್ಗೂ. ಕಪ್ ವಾಕಿಂಗೇ ಶ್ರೇಷ್ಠ ಅಂತ ವಾದ ಮಾಡೋ ಹುಡುಗ್ರು ಇದ್ದಾರೆ, ನನಗೇನೋ ಆ ವಾದ ಅಷ್ಟು ಹಿಡಿಸಲ್ಲ, ಗೋಡೆಗೂ ಪೈಪಿಗೂ ನಾಲ್ಕು ಬೆರಳು ಜಾಗ ಇರೋ ಕಡೆ ಟಾರ್ಚ್ ಹೇಗೆ ವಾಲಿಸ್ತೀರಾ? ಎರಡೂ ಬರ್ಬೇಕು.

ಗ್ಯಾಸ್ ವಿಷಯದಲ್ಲಿ ನಾನು ಮಾಡಿದ ದಡ್ಡತನ ಕೇಳಿ. ಏಪ್ರಿಲ್ ತಿಂಗಳು, ತಗಡಿನ ಶೆಡ್ಡು, ಸೆಖೆ ತಡೀಲಾರ್ದೆ ಫ್ಯಾನ್ ಹಾಕ್ಕೊಂಡೆ. ಬೆಸುಗೆ ತುಂಬಾ ಸೂಜಿ ಚುಚ್ಚಿದಂಗೆ ತೂತು. ಗ್ಯಾಸ್ ಕಡ್ಮೆ ಆಯ್ತೇನೋ ಅಂತ ನಿಮಿಷಕ್ಕೆ 10 ಲೀಟರಿದ್ದಿದ್ದನ್ನ 20ಕ್ಕೆ ಏರಿಸ್ದೆ, ತೂತು ಇನ್ನೂ ಜಾಸ್ತಿ ಆಯ್ತು. ಗ್ಯಾಸ್ ಜೋರಾದ್ರೆ ಕಪ್ಪಿನ ಬಾಯಲ್ಲೇ ಸುಳಿ ಎದ್ದು ಅಕ್ಕಪಕ್ಕದ ಗಾಳಿನ ಒಳಗೆ ಎಳ್ಕೊಳುತ್ತಂತೆ, ನಲ್ಲಿ ಪೂರ್ತಿ ತಿರುಗಿಸಿದ್ರೆ ನೀರು ಚೆಲ್ಲಾಪಿಲ್ಲಿ ಆಗಲ್ವಾ ಹಾಗೆ. ಮೇಸ್ತ್ರಿ ಬಂದು ಮೊದ್ಲು ಫ್ಯಾನ್ ಆರಿಸಿದ್ರು, ಆಮೇಲೆ ಮೀಟರ್ ಇಳಿಸಿದ್ರು, ಆಮೇಲೆ ನನ್ನ ಮುಖ ನೋಡಿದ್ರು.

ಇಷ್ಟೆಲ್ಲಾ ಆದ್ಮೇಲೆ ಮುಂಬೈಗೆ ಟ್ರೇಡ್ ಟೆಸ್ಟಿಗೆ ಹೋದೆ, ಗಲ್ಫ್ ಕೆಲ್ಸಕ್ಕೆ. ಅಲ್ಲಿ 6ಜಿ ಅನ್ನೋ ಟೆಸ್ಟು, ಅಂದ್ರೆ ಪೈಪನ್ನ 45 ಡಿಗ್ರಿ ಓರೆಯಾಗಿ ಕಟ್ಟಿಬಿಡ್ತಾರೆ, ತಿರುಗಿಸೋ ಹಂಗಿಲ್ಲ, ನೀವೇ ಸುತ್ತ ಬರ್ಬೇಕು. ಎರಡಿಂಚು ಶೆಡ್ಯೂಲ್ 80, ಅಂದ್ರೆ ಹೊರವ್ಯಾಸ 60.3, ಗೋಡೆ ಐದೂವರೆ ಮಿಲಿಮೀಟರ್, ಪೂರ್ತಿ ಆರ್ಗಾನ್. ಆರಿಂಚಿನ ಪೈಪೂ ಇತ್ತು, ಅದಕ್ಕೆ ರೂಟ್ ಆರ್ಗಾನು, ಮಿಕ್ಕಿದ್ದು 7018 ಅನ್ನೋ ಆರ್ಕ್ ರಾಡಲ್ಲಿ. ದೊಡ್ಡದು ಕಷ್ಟ ಅಂದ್ಕೊಂಡಿದ್ದೆ, ಉಲ್ಟಾ. ಎರಡಿಂಚಲ್ಲಿ ಒಂದು ಬೆರಳಗಲ ಹೋಗೋದ್ರಲ್ಲಿ ಪೈಪಿನ ಡೊಂಕು ಬದಲಾಗಿಬಿಡುತ್ತೆ, ಟಾರ್ಚ್ ಕೋನನೂ ಜೊತೆಗೇ ತಿರುಗ್ತಾ ಇರ್ಬೇಕು, ಪುಟ್ಟ ಪೈಪಾದ್ರಿಂದ ಬಿಸಿ ಹೋಗೋಕೆ ಜಾಗನೂ ಇಲ್ಲ, ಕೊನೆ ಕೊನೆಗೆ ಅದೇ ಕರೆಂಟಲ್ಲಿ ಪಡ್ಲ್ ಗಂಜಿ ಆಗೋಗುತ್ತೆ.

ಫೇಲಾದೆ. ಕಾರಣ ಗಡಿಯಾರದ ಆರು ಗಂಟೆ ಜಾಗ, ಅಂದ್ರೆ ಪೈಪಿನ ಹೊಟ್ಟೆ ಕೆಳಗೆ. ಅಲ್ಲಿ ನಾವು ಕೆಳಗಿಂದ ಮೇಲಕ್ಕೆ ನೋಡ್ಕೊಂಡು ಹಾಕ್ತೀವಿ, ಕರಗಿದ ಲೋಹ ಭಾರಕ್ಕೆ ನಮ್ಮ ಕಡೆಗೇ ಜೋತು ಬೀಳುತ್ತೆ, ಪೈಪಿನ ಒಳಗಡೆ ಉಬ್ಬು ಬರೋ ಬದ್ಲು ಗುಂಡಿ ಬೀಳುತ್ತೆ. ಸಕ್ ಬ್ಯಾಕ್ ಅಂತಾರೆ. ಹೊರಗಡೆ ಮಾತ್ರ ಚೆನ್ನಾಗಿ ತುಂಬ್ಕೊಂಡು ನಗ್ತಾ ಇರುತ್ತೆ. ಪೈಪ್ ಕತ್ತರಿಸಿ ಪಟ್ಟಿ ಮಾಡಿ ಬಗ್ಗಿಸಿದ್ರು, ರೂಟ್ ಬೆಂಡಲ್ಲಿ ಬಾಯಿ ಬಿಡ್ತು. ಮೂರು ಮಿಲಿಮೀಟರ್ ದಾಟಿದ ಬಿರುಕು ಇದ್ರೆ ಮುಗೀತು, ಅಲ್ಲಿ ಯಾವ ಅಣ್ಣ ತಮ್ಮ ಇಲ್ಲ. ರೈಲಲ್ಲಿ ವಾಪಸ್ ಬರೋವಾಗ ಯಾರಿಗೂ ಫೋನ್ ಮಾಡ್ಲಿಲ್ಲ.

ಮೇಸ್ತ್ರಿ ಬೈಲಿಲ್ಲ. "ಕೆಳಗಡೆ ವೈರನ್ನ ಎಲ್ಲಿ ಇಡ್ತಿದ್ದೆ?" ಅಂತ ಕೇಳಿದ್ರು. ಪಡ್ಲ್ ಮುಂಭಾಗಕ್ಕೆ ತಾಗಿಸ್ತಿದ್ದೆ ಅಂದೆ. "ತಾಗ್ಸೋದಲ್ಲ ಕಣೋ, ತಳ್ಬೇಕು, ಒಳಗೆ ಕಾಣೋವಷ್ಟು ತಳ್ಬೇಕು" ಅಂದ್ರು. ಅಂದ್ರೆ ಏನಪ್ಪಾ ಅಂದ್ರೆ, ಮುಂದೆ ಎರಡೂ ಅಂಚು ಕರಗಿ ಒಂದು ಸಣ್ಣ ಕಣ್ಣು ಬಿಟ್ಕೊಳುತ್ತಲ್ಲ, ಕೀಹೋಲು, ಅದರೊಳಗೆ ವೈರಿನ ತುದಿನ ಒತ್ತಿ ಹಿಡಿದ್ರೆ ಲೋಹ ಒಳಗಡೆ ಸೇರುತ್ತೆ, ಆರ್ಕ್ ಆದಷ್ಟು ಗಿಡ್ಡ ಇಟ್ಕೋಬೇಕು, ಮೇಲೆ ತುಂಬೋಕೆ ಆಸೆ ಪಡ್ಬಾರ್ದು. ಇದು ಮತ್ತೆ ಎಡಗೈ ಕೆಲ್ಸವೇ. ಇನ್ನೊಂದು ಉಪಾಯ, ಶುರು ಸರಿಯಾಗಿ ಆರು ಗಂಟೆಗೆ ಮಾಡ್ಬೇಡಿ, ಆರೂವರೆ ಹತ್ರ ಹಚ್ಚಿ ಆರನ್ನ ದಾಟ್ಕೊಂಡು ಐದರ ಕಡೆಯಿಂದ ಮೇಲಕ್ಕೆ ಹೋಗಿ, ಆಮೇಲೆ ಆ ಶುರುನ ಉಜ್ಜಿ ತೆಳ್ಳಗೆ ಮಾಡಿ ಇನ್ನೊಂದು ಕಡೆ ಹಿಡೀರಿ, ಜಾಯಿಂಟು ಕಷ್ಟದ ಜಾಗದಲ್ಲೇ ಬೀಳಲ್ಲ. ನಿಲ್ಲಿಸೋವಾಗ ಸೀದಾ ಎತ್ತಿಬಿಟ್ರೆ ಕ್ರೇಟರಲ್ಲಿ (ಕೊನೆಲಿ ಉಳಿಯೋ ಗುಂಡೀಲಿ) ಬಿರುಕು, ಪಡ್ಲನ್ನ ಬೆವೆಲ್ ಗೋಡೆ ಮೇಲಕ್ಕೆ ಎಳ್ಕೊಂಡೋಗಿ ಸಣ್ಣ ಮಾಡಿ ಬಿಡಿ, ಗ್ಯಾಸ್ ನಿಲ್ಲೋವರ್ಗೂ ಟಾರ್ಚ್ ಕದಲಿಸ್ಬೇಡಿ. ನಾಲ್ಕು ತಿಂಗಳು ಬಿಟ್ಟು ಇಲ್ಲೇ ಬೆಂಗಳೂರಲ್ಲಿ ಒಂದು ಟೆಸ್ಟ್ ಕೊಟ್ಟೆ, ಪಾಸಾದೆ, ಅದರ ಕತೆ ಏನಿಲ್ಲ.

ಸ್ಟೇನ್‌ಲೆಸ್ ಬಂದಾಗ ಇನ್ನೊಂದು ಪಾಠ. ಒಂದು ಹಾಲಿನ ಡೇರಿ ಲೈನು, 304 ಪೈಪು, ಹೊರಗಡೆ ಮೀನಿನ ಪೊರೆ ಥರ ಚೆಂದ ಬಂದಿತ್ತು, ಒಳಗೆ ಬ್ಯಾಟರಿ ಲೈಟ್ ಬಿಟ್ಟು ನೋಡಿದ್ರೆ ಕರ್ರಗೆ ಸುಟ್ಟ ಹೂಕೋಸು. ಒಳಗಡೆಯ ಗಾಳಿ ತೆಗೀದೆ ಹಾಕಿದ್ದಕ್ಕೆ. ಆ ತರಿತರಿಲಿ ಹಾಲು ಕೂತ್ರೆ ಎಷ್ಟು ತೊಳೆದ್ರೂ ಕ್ರಿಮಿ ಹೋಗಲ್ಲ, ಹನ್ನೊಂದು ಜಾಯಿಂಟ್ ಕತ್ತರಿಸಿ ಹಾಕಿದ್ವಿ, ನನ್ನ ಖರ್ಚಲ್ಲಲ್ಲ ಆದ್ರೂ ಹೊಟ್ಟೆ ಉರೀತು. ಪೈಪಿನ ಎರಡೂ ಬಾಯಿ ಮುಚ್ಚಿ ಒಳಗೂ ಆರ್ಗಾನ್ ಬಿಡ್ಬೇಕು, ಆರ್ಗಾನ್ ಗಾಳಿಗಿಂತ ಭಾರ, ಅದಕ್ಕೆ ಕೆಳಗಿಂದ ಬಿಟ್ಟು ಮೇಲ್ಗಡೆ ಸಣ್ಣ ತೂತು ಇಟ್ರೆ ಗಾಳಿ ಆಚೆ ಹೋಗುತ್ತೆ. ಜಾಯಿಂಟ್ ಸುತ್ತ ಟೇಪ್ ಸುತ್ತಿ, ಹಾಕ್ತಾ ಹಾಕ್ತಾ ಸ್ವಲ್ಪ ಸ್ವಲ್ಪನೇ ಬಿಚ್ಚೋದು. ಕೊನೆ ಅರ್ಧ ಇಂಚು ಮುಚ್ಚೋವಾಗ ಒಳಗಿನ ಗ್ಯಾಸ್ ಕಡ್ಮೆ ಮಾಡ್ಲೇಬೇಕು, ಇಲ್ಲಾಂದ್ರೆ ಒತ್ತಡಕ್ಕೆ ಪಡ್ಲನ್ನೇ ಊದಿ ಮುಖಕ್ಕೆ ಉಗಿಯುತ್ತೆ. ಒಳಗಡೆ ಬೆಳ್ಳಿ ಬಣ್ಣ ಇಲ್ಲಾ ತೆಳು ಹುಲ್ಲಿನ ಬಣ್ಣ ಬಂದ್ರೆ ಸರಿ, ನೀಲಿಗೆ ತಿರುಗಿದ್ರೆ ಬೈಗುಳ, ಬೂದಿ ಬಣ್ಣಕ್ಕೆ ಕಟರ್. ಮತ್ತೆ ಟ್ಯಾಂಕು, ಗುಂಡಿ ಒಳಗೆ ಇಳಿದು ಹೀಗೆ ಆರ್ಗಾನ್ ಬಿಟ್ಟು ಗಾಳಿ ಓಡ್ಸೋರು (ಪರ್ಜ್ ಮಾಡೋರು) ದಯವಿಟ್ಟು ಹುಷಾರು, ವಾಸನೆ ಇಲ್ಲ ಬಣ್ಣ ಇಲ್ಲ, ತಳದಲ್ಲಿ ಆರ್ಗಾನ್ ತುಂಬ್ಕೊಂಡ್ರೆ ಉಸಿರಾಡೋಕೆ ಆಮ್ಲಜನಕ ಇರಲ್ಲ, ಗೊತ್ತಾಗೋದ್ರೊಳಗೆ ಬಿದ್ದಿರ್ತೀರಾ.

ಮುಂದಿನ ಸೋಮವಾರದಿಂದ ಒಂದು ಫಾರ್ಮಾ ಕೆಲ್ಸ ಶುರು, 316ಎಲ್ ಸ್ಟೇನ್‌ಲೆಸ್, ಒಂದಿಂಚು ಪೈಪು, ವೈರ್ 1.6. ನಿನ್ನೆ ಒಂದು ಕಟ್ಟು ತಂದು ಕೈಗೆ ತಗೊಂಡೆ, 2.4ಕ್ಕೆ ಒಗ್ಗಿದ ಬೆರಳಿಗೆ ಇದು ಪೊರಕೆ ಕಡ್ಡಿ ಥರ, ಹಿಡಿದ್ರೆ ಬಗ್ಗುತ್ತೆ, ಬಿಟ್ರೆ ಜಾರುತ್ತೆ. ರಾತ್ರಿ ಟಿವಿ ಮುಂದೆ ಕೂತು ತಳ್ತಾ ಇದ್ದೆ, ಮಗಳು ಬಂದು ಕಿತ್ಕೊಂಡು ಎರಡೇ ನಿಮಿಷದಲ್ಲಿ ನನಗಿಂತ ಚೆನ್ನಾಗಿ ತಳ್ಳಿ ತೋರಿಸಿದ್ಲು. ಅವಳು ಎಡಚಿ.