ಮಳೆಗಾಲದ ಸೆಮಿಸ್ಟರ್‌ನಲ್ಲಿ ಸ್ನಾತಕೋತ್ತರ ಓದು

ಕೊಡಗಿನಲ್ಲಿ ಮಳೆ ಜೋರು ಹಿಡಿಯಿತೆಂದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್. ಚಿಕ್ಕ ಅಳುವಾರದ ಕ್ಯಾಂಪಸ್ಸಿರಲಿ, ತೋಟದ ಮನೆಯಿರಲಿ, ಬೇಕಾದ್ದನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಪ್ರಬಂಧಗಳು ಹೆಚ್ಚಾಗಿ ಅಧ್ಯಾಯವಾರು ಪಿಡಿಎಫ್ ಆಗಿ ಸಿಗುತ್ತವೆ. ಇಡೀ ಪ್ರಬಂಧ ಬೇಡ, ಸಾಹಿತ್ಯ ಸಮೀಕ್ಷೆ (ಹಿಂದಿನ ಸಂಶೋಧನೆಗಳ ಅವಲೋಕನ) ಮತ್ತು ಗ್ರಂಥಸೂಚಿ ಸಾಕು. ಸ್ನಾತಕೋತ್ತರ ಪಾಠಗಳ ಸರ್ಕಾರಿ ಜಾಲತಾಣ ಇ-ಪಿಜಿ ಪಾಠಶಾಲಾದ ಪಾಠಗಳನ್ನೂ ಪತ್ರಿಕೆವಾರು ಫೋಲ್ಡರ್ ಮಾಡಿಡಿ.

ಆದರೆ ಅಂಕ ಹೋಗುವುದು ಸಾಮಗ್ರಿ ಇಲ್ಲದೆ ಅಲ್ಲ, ಅದೇ ನೋಟ್ಸನ್ನು ಮತ್ತೆ ಮತ್ತೆ ಓದುವುದರಿಂದ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ 5 ನಿಮಿಷಕ್ಕೆ ಪರೀಕ್ಷಿಸಿದಾಗ ಮರುಓದಿದವರೇ ಮುಂದಿದ್ದರು. ವಾರದ ನಂತರ ಅವರಿಗೆ ನೆನಪಿದ್ದದ್ದು ಶೇ. 42, ನೋಡದೆ ಬರೆದವರಿಗೆ ಶೇ. 56. ಮರುಓದಿನಲ್ಲಿ ಸಾಲುಗಳು ಪರಿಚಿತವಾಗುತ್ತವೆ, ಆ ಪರಿಚಯವನ್ನೇ ನಾವು ತಿಳಿವಳಿಕೆ ಅಂದುಕೊಳ್ಳುತ್ತೇವೆ.

ಹೀಗೆ ಮಾಡಿ: 25 ನಿಮಿಷ ಆರೇಳು ಪುಟ ಓದಿ, ಪುಸ್ತಕ ಮುಚ್ಚಿ, 10 ನಿಮಿಷ ಬಿಳಿ ಹಾಳೆಯಲ್ಲಿ ಬರೆಯಿರಿ. ಜೀವರಸಾಯನಶಾಸ್ತ್ರದವರಾದರೆ ಗ್ಲೈಕೋಲಿಸಿಸ್‌ನ (ಜೀವಕೋಶದಲ್ಲಿ ಗ್ಲೂಕೋಸ್ ಒಡೆಯುವ ಕ್ರಿಯೆ) 10 ಹಂತ, ಪ್ರತಿ ಹಂತದ ಕಿಣ್ವ. 1 ಮತ್ತು 3ರಲ್ಲಿ ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಖರ್ಚು, 7 ಮತ್ತು 10ರಲ್ಲಿ ಗಳಿಕೆ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ, ದಿನಾಂಕ ಹಾಕಿ. ಮರುದಿನ ಕೆಂಪನ್ನಷ್ಟೇ ನೋಡಿ, ಮತ್ತೆ ಹೊಸ ಹಾಳೆ. ನಂತರ 3ನೇ, 7ನೇ, 21ನೇ ದಿನ. ಅಂತರ ಎರಡು ದಿನ ಆಚೀಚೆ ಆದರೂ ತೊಂದರೆಯಿಲ್ಲ.

ಬಹಳ ಜನ ಎಡವುವುದು ಬರೆಯಲು ಕೂತ ಎರಡನೇ ನಿಮಿಷದಲ್ಲಿ. ನೆನಪಾಗಲಿಲ್ಲವೆಂದು ಪುಸ್ತಕ ತೆರೆದರೆ ಅದು ನಕಲು ಬರಹವಾಗುತ್ತದೆ. ತಡಕಾಡುವ ಆ ಹೊತ್ತೇ ಕಲಿಕೆ, ದಯವಿಟ್ಟು ಅದನ್ನು ಕಳೆದುಕೊಳ್ಳಬೇಡಿ. ಕನ್ನಡ, ಸಮಾಜಕಾರ್ಯ ಓದುವವರು ಪ್ರತಿ ಶೀರ್ಷಿಕೆಯನ್ನೂ ಮೊದಲು ಪ್ರಶ್ನೆಯಾಗಿ ಬರೆದುಕೊಂಡು, ಅದಕ್ಕೆ ಉತ್ತರಿಸಬೇಕು.

ಥಂಡಿಗೆ ಹಾಳೆ ಮೆತ್ತಗಾಗಿ ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಬಾಲ್ ಪೆನ್ ಒಳ್ಳೆಯದು. ಬರೆದ ಹಾಳೆಗಳನ್ನು ಗೋಡೆಗೆ ತಾಗಿಸದೆ ಮುಚ್ಚಳದ ಡಬ್ಬಿಯಲ್ಲಿಡಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ಇನ್ನು ಕಾಫಿ ಕೊಯ್ಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೋಟದ ಮನೆಯ ಮಕ್ಕಳಿಗೆ ಸಂಜೆ ಓದು ಕೂಡಿಬರುವುದಿಲ್ಲ. ತೂಕ, ಲೆಕ್ಕ, ಕಣದ ಕೆಲಸ ಇದ್ದೇ ಇರುತ್ತದೆ. ಆ ವಾರಗಳಲ್ಲಿ ಹೊಸ ಅಧ್ಯಾಯ ಹಿಡಿಯಬೇಡಿ. ಬೆಳಿಗ್ಗೆ 5ರಿಂದ ಒಂದು ಗಂಟೆ ಹಳೆಯ ಹಾಳೆಗಳ ಕೆಂಪು ಸಾಲುಗಳನ್ನು ಬರೆದು ನೋಡಿ, ಹೊಸದನ್ನು ಕೊಯ್ಲು ಮುಗಿದ ಮೇಲೆ ತೆಗೆಯಿರಿ.