ಪುಸ್ತಕ ಮುಚ್ಚಿ, ಈಗ ಹೇಳಿ

ತೊಂಬತ್ತರ ದಶಕದಲ್ಲಿ ಹಳ್ಳಿಯ ಕನ್ನಡ ಶಾಲೆಯಿಂದ ಪಿಯುಸಿಗೆ ಬಂದವರಿಗೆ ಇಂಗ್ಲಿಷ್‌ನಲ್ಲಿದ್ದ ಪಠ್ಯಪುಸ್ತಕ ಅಂದರೆ ಜ್ವರ. ಗೈಡು ತಂದು ಉರು ಹೊಡೆಯುವುದೊಂದೇ ನಮಗೆ ಗೊತ್ತಿದ್ದ ದಾರಿ. ಭೂಗೋಳದ ಮೇಷ್ಟ್ರು ಅದಕ್ಕೆ ಅಡ್ಡ ನಿಂತರು.

ಹೊಸ ಪಾಠ ಶುರುವಾದರೆ ಮೊದಲು ಯಾರೂ ಓದುವ ಹಾಗಿರಲಿಲ್ಲ. ತಲೆಬರಹ, ನಕಾಶೆ, ಕೊನೆಯ ಪ್ರಶ್ನೆಗಳು, ಇಷ್ಟರ ಮೇಲೆ ಸುಮ್ನೆ ಕಣ್ಣಾಡಿಸಬೇಕು. ಆಮೇಲೆ ತಲೆಬರಹವನ್ನು ಪ್ರಶ್ನೆ ಮಾಡಬೇಕು, ಕನ್ನಡದಲ್ಲಾದರೂ ಸರಿ. ‘ಮಳೆಯ ಹಂಚಿಕೆ’ ಅಂತಿದ್ದರೆ, ‘ಆಗುಂಬೆಯಲ್ಲಿ ಅಷ್ಟು ಸುರಿಯೋ ಮಳೆ ಚಳ್ಳಕೆರೆಗೆ ಯಾಕೆ ಬರಲ್ಲ?’ ಅಂತ ನಾವು ಬರೆದುಕೊಳ್ಳುತ್ತಿದ್ದೆವು. ಈಗ ಓದುವುದಕ್ಕೆ ಒಂದು ಕಾರಣ ಸಿಕ್ಕಿತು ಅಲ್ವಾ?

ನಿಜವಾದ ಕಷ್ಟ ಓದಿದ ಮೇಲೆ. “ಪುಸ್ತಕ ಮುಚ್ಚಿ, ಈಗ ಹೇಳಿ” ಅನ್ನುತ್ತಿದ್ದರು. ಪಕ್ಕದವರಿಗೆ ನಮ್ಮದೇ ಮಾತಿನಲ್ಲಿ ಹೇಳಬೇಕು. ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗಿ ಮಳೆ ಸುರಿಸುತ್ತೆ ಅನ್ನುವ ತನಕ ಸಲೀಸು. ಆಚೆ ಕಡೆ ಇಳಿಯುವಾಗ ಏನಾಗುತ್ತೆ ಅಂದರೆ ಮಾತು ನಿಲ್ಲುತ್ತಿತ್ತು. ಪುಟ ತೆಗೆದು ಆ ಜಾಗ ಮಾತ್ರ ಮತ್ತೆ ಓದುತ್ತಿದ್ದೆವು: ಇಳಿಯುವ ಗಾಳಿ ಬಿಸಿಯಾಗುತ್ತೆ, ಮೋಡ ಕರಗುತ್ತೆ. ‘ಮಳೆ ನೆರಳು’, ಅಂದರೆ ಘಟ್ಟದ ಆಚೆ ಮಳೆ ಕಡಿಮೆ ಬೀಳುವ ಜಾಗ, ನನಗೆ ಅರ್ಥವಾಗಿದ್ದು ಹೀಗೆ. ವಾರದ ಕೊನೆಗೆ ಅದೇ ಪ್ರಶ್ನೆಗಳಿಗೆ ಇನ್ನೊಮ್ಮೆ ಉತ್ತರ ಹೇಳಬೇಕಿತ್ತು.

ಈ ಪದ್ಧತಿಗೆ ಎಸ್‌ಕ್ಯೂ ತ್ರೀ ಆರ್ ಅಂತ ಹೆಸರು: ಸರ್ವೆ (ಕಣ್ಣಾಡಿಸುವುದು), ಕ್ವೆಶ್ಚನ್ (ಪ್ರಶ್ನೆ ಮಾಡುವುದು), ರೀಡ್ (ಓದುವುದು), ರಿಸೈಟ್ (ನೋಡದೆ ಹೇಳುವುದು), ರಿವ್ಯೂ (ಮತ್ತೊಮ್ಮೆ ನೆನೆಯುವುದು). ಅಮೆರಿಕದ ಓಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದ ಫ್ರಾನ್ಸಿಸ್ ರಾಬಿನ್ಸನ್ 1946ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದರು. ಐದು ಹೆಜ್ಜೆಗಳಲ್ಲಿ ನಾಲ್ಕನೆಯದೇ, ಅಂದರೆ ನೋಡದೆ ಹೇಳುವುದೇ, ಇದರ ಜೀವ ಅಂತ ನನ್ನ ಲೆಕ್ಕ. ತಲೆಬರಹಕ್ಕೆ ‘ಏನು’, ‘ಯಾಕೆ’ ಅಂಟಿಸುವ ಕೆಲಸ ಎಷ್ಟೋ ಸಲ ಬರೀ ಶಾಸ್ತ್ರಕ್ಕೆ ಮುಗಿಯುತ್ತಿತ್ತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಈ ನೋಡದೆ ನೆನಪಿಸಿಕೊಳ್ಳುವುದನ್ನೇ ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಓದಿದ ಐದು ನಿಮಿಷಕ್ಕೆ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದವರ ತಲೆಯಲ್ಲಿ ಜಾಸ್ತಿ ಉಳಿದಿತ್ತು. ಪರೀಕ್ಷೆಯ ಬೆಳಿಗ್ಗೆ ಬಸ್ಸಲ್ಲಿ ಪುಟ ತಿರುವಿ ‘ಎಲ್ಲಾ ಬರುತ್ತೆ’ ಅಂದುಕೊಳ್ಳುತ್ತಿದ್ದ ಧೈರ್ಯದ ಗುಟ್ಟು ಇದೇ ಇರಬೇಕು!

ಒಂದು ಮಾತು ಹೇಳಲೇಬೇಕು. ಹುಮ್ಮಸ್ಸಿನಲ್ಲಿ ನಾವು ಕನ್ನಡ ಪದ್ಯಕ್ಕೂ ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹೋದೆವು. ಕನ್ನಡ ಮೇಡಂ ಪಟ್ಟಿ ನೋಡಿ ನಕ್ಕರು. “ಇದನ್ನ ಭೂಗೋಳಕ್ಕೆ ಇಟ್ಕೊಳ್ಳಿ. ಈಗ ಗಟ್ಟಿಯಾಗಿ ಓದಿ, ಕೇಳೋಣ” ಅಂದರು.